ಕೂಗಳತೆಯ ದೂರ

ಬೀದಿಯ ಕೊನೆಯಲ್ಲಿರುವ ಲಾಂಡ್ರಿ ಕಾರ್ಖಾನೆಯಲ್ಲಿ, ಇಸ್ತ್ರಿಯ ದೊಡ್ಡ ರೋಲರಿಗೆ ಸಿಕ್ಕಿ ಒಬ್ಬ ಹೆಂಗಸಿನ ಬಲಗೈ ಹೋಯಿತು. ಮರುವಾರ ಆ ಬೀದಿಯವರನ್ನೆಲ್ಲ ಕೆಲಸದಿಂದ ತೆಗೆದರು.

ಕೈ ಹೋದ ದಿನ, ಮಿಷನ್ನು ನಿಲ್ಲುವ ಮುಂಚೆಯೇ ಅವಳ ಕೂಗು ಬೀದಿಗೆ ಕೇಳಿಸಿತ್ತು. ಒಲೆಯ ಮುಂದಿದ್ದ ಅವಳ ಅತ್ತೆ ಸೌಟು ಹಿಡಿದುಕೊಂಡೇ ಓಡಿದಳು. ಚಪ್ಪಲಿ ಹೊಲಿಯುವವನು ಉಳಿ ಹಿಡಿದುಕೊಂಡು ಓಡಿದ. ಕ್ಷೌರದಂಗಡಿಯವನು ಓಡಿದ, ಅವನ ಹಿಂದೆ, ಅರ್ಧ ಗಡ್ಡ ಹೋಗಿ ಅರ್ಧ ನೊರೆ ಉಳಿದಿದ್ದ ಗಿರಾಕಿಯೂ ಓಡಿದ. ಗೇಟು ತೆಗೆಯಲಿಲ್ಲ, ಹಾಗಾಗಿ ಗೇಟು ಉಳಿಯಲಿಲ್ಲ. ಯಾರಿಗೆ ಫೋನ್ ಮಾಡಬೇಕೆಂದು ಮ್ಯಾನೇಜರು ಇನ್ನೂ ಯೋಚಿಸುತ್ತಿರುವಾಗಲೇ ಬೀದಿಯವರು ಅವಳನ್ನು ತರಕಾರಿ ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿ ಆಸ್ಪತ್ರೆ ಮುಟ್ಟಿಸಿದ್ದರು.

ಆಮೇಲೂ ಯಾರೂ ಮನೆಗೆ ಹೋಗಲಿಲ್ಲ. ರೋಲರಿನ ಬಾಯಿಗೆ ಅಡ್ಡವಾಗಿ ಒಂದು ಸಲಾಕೆ ಇರುತ್ತದೆ. ಅದಕ್ಕೆ ಬೆರಳು ತಗುಲಿದರೆ ಸಾಕು, ಮಿಷನ್ನು ತಾನಾಗಿ ನಿಲ್ಲಬೇಕು. ಆದರೆ ಬಟ್ಟೆಯ ಮಡಿಕೆ ತಗುಲಿದರೂ ಅದು ನಿಲ್ಲುತ್ತದೆ. ನಿಂತಾಗಲೆಲ್ಲ ಕೆಲಸ ಹಿಂದೆ ಬೀಳುತ್ತದೆ. ಅದಕ್ಕೇ ಸಲಾಕೆಯನ್ನು ಮೇಲಕ್ಕೆತ್ತಿ ತಂತಿಯಿಂದ ಬಿಗಿದಿದ್ದರು. ಆ ತಂತಿ ಕಟ್ಟಿಸಿದವರು ಯಾರು ಎಂದು ಹೇಳುವ ತನಕ ಏಳುವುದಿಲ್ಲವೆಂದು ಇಡೀ ಬೀದಿ ಮುರಿದ ಗೇಟಿಗೆ ಅಡ್ಡ ಕೂತುಬಿಟ್ಟಿತು. ಆಸ್ಪತ್ರೆಗಳ ಕೊಳೆ ಬಟ್ಟೆ ಹೊತ್ತ ಲಾರಿಗಳು ಒಳಗೆ ಹೋಗಲಾರದೆ ಸಾಲುಗಟ್ಟಿ ನಿಂತವು.

ತಂತಿ ಬಿಚ್ಚಬೇಕು ಎನ್ನುವುದು ಇದರಿಂದ ಕಲಿಯಬಹುದಾಗಿದ್ದ ಪಾಠ. ಕಂಪನಿ ಬೇರೆಯೇ ಪಾಠ ಕಲಿಯಿತು: ಕೂಗಿದರೆ ಯಾರ ಮನೆಗೆ ಕೇಳಿಸುತ್ತದೋ ಅಂಥವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು.

ಬೋರ್ಡೇನೂ ಹಾಕಲಿಲ್ಲ. ಹೊಸ ಗೇಟು ಬಂತು, ಹೊಸ ಏಜೆಂಟು ಬಂದ, ಹೊಸ ಸೂಪರ್‌ವೈಸರಮ್ಮ ಬಂದಳು. ಊರಿನ ಇನ್ನೊಂದು ತುದಿಯಿಂದ ಹೆಂಗಸರನ್ನು ತುಂಬಿಕೊಂಡು ದಿನಾ ಬೆಳಿಗ್ಗೆ ವ್ಯಾನು ಬರತೊಡಗಿತು. ಕಾರ್ಖಾನೆಯ ಸೋಪಿನ ನೊರೆ ಮಾತ್ರ ಎಂದಿನಂತೆ ಈ ಬೀದಿಯ ಚರಂಡಿಯಲ್ಲೇ ಹರಿಯಿತು. ಬಾಯ್ಲರಿನ ಮಸಿ ಈ ಬೀದಿಯ ಬಟ್ಟೆಗಳ ಮೇಲೇ ಕೂತಿತು. ನೊರೆಗೂ ಮಸಿಗೂ ಹೊರಗಿನವರನ್ನು ಕರೆಸುವ ಏಜೆಂಟು ಯಾರೂ ಇರಲಿಲ್ಲ.

ಕೈ ಹೋದವಳ ಓರಗಿತ್ತಿಯನ್ನು ಬೀದಿಯವರು ಕಡ್ಡಿ ಎಂದು ಕರೆಯುತ್ತಿದ್ದರು. ಮೈ ಕಡ್ಡಿಯಂತಿದೆ ಎಂದೋ, ಮಾತು ಕಡ್ಡಿ ಮುರಿದಂತಿರುತ್ತದೆ ಎಂದೋ, ಹೆಸರಿಟ್ಟವರಿಗೇ ಮರೆತುಹೋಗಿತ್ತು. ಗಂಡ ಲಾರಿ ಓಡಿಸುವವನು. ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ಭಾವ ತೀರಿಹೋಗಿ ಬಹಳ ಕಾಲವಾಗಿತ್ತು. ಅಡುಗೆಮನೆಯೂ ಮಲಗುವ ಕೋಣೆಯೂ ಒಂದೇ ಆಗಿದ್ದ ಆ ಮನೆಯಲ್ಲಿ ಅತ್ತೆ, ಅಕ್ಕ (ಓರಗಿತ್ತಿಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ), ಕಡ್ಡಿ, ಮತ್ತು ಆಗಷ್ಟೇ ಬೋರಲು ಬೀಳಲು ಕಲಿತಿದ್ದ ಕೂಸು. ಅಕ್ಕನ ದುಡಿಮೆ ನಿಂತ ಮೇಲೆ ಮನೆ ಕುಂಟತೊಡಗಿತ್ತು. ಕಡ್ಡಿ ಕೆಲಸಕ್ಕೆ ಹೋಗಲೇಬೇಕಿತ್ತು. ಆದರೆ ದೂರ ಹೋಗುವಂತಿರಲಿಲ್ಲ. ಕೂಸು ಬಾಟಲಿ ಮುಟ್ಟುತ್ತಿರಲಿಲ್ಲ. ಚಮಚ ಬಾಯಿಗಿಟ್ಟರೆ ತುಟಿ ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು, ಉಗಿಯುತ್ತಿತ್ತು.

"ನಿನ್ನ ಮಗಳಿಗೆ ನಿಂದೇ ಹಟ," ಎನ್ನುತ್ತಿದ್ದಳು ಅತ್ತೆ, ಮುಖದ ಮೇಲೆ ಬಿದ್ದ ಹಾಲು ಒರೆಸಿಕೊಳ್ಳುತ್ತ. "ಬೇಕಾದ್ದು ಸಿಗೋವರೆಗೂ ಬೀದಿಗೆಲ್ಲ ಕೇಳಿಸ್ಬೇಕು."

"ಕೇಳಿಸ್ಲಿ ಬಿಡಿ ಅತ್ತೆ. ಸುಮ್ನಿದ್ದೋರಿಗೆ ಯಾರು ಏನು ಕೊಟ್ಟಿದ್ದಾರೆ?"

ಮಧ್ಯಾಹ್ನ ಒಂದು ಸಲ ಮನೆಗೆ ಬಂದು ಕೂಸಿಗೆ ಹಾಲು ಕೊಟ್ಟು ಹೋಗುವಷ್ಟು ಹತ್ತಿರದ ಕೆಲಸ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆ ಭಾಗವೇನು ಸಣ್ಣದಲ್ಲ. ಮಾತ್ರೆ ಪ್ಯಾಕು ಮಾಡುವ ಶೆಡ್ಡುಗಳು, ಚೀಲ ಹೊಲಿಯುವ ಮಹಡಿಗಳು, ತರಕಾರಿ ತುಂಬಿಡುವ ಕೋಲ್ಡ್ ಸ್ಟೋರೇಜು, ತಲೆಯೆತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರದ ಫ್ಲಾಟುಗಳು. ಅವಳು ಒಂದೊಂದೇ ಗೇಟು ತಟ್ಟುತ್ತ ಹೋದಳು.

ಮಾತ್ರೆ ಶೆಡ್ಡಿನವನು ಅವಳ ಬೆರಳುಗಳನ್ನು ನೋಡಿ ಮೆಚ್ಚಿಕೊಂಡ. ಆಮೇಲೆ ಕೇಳಿದ: "ಮನೆ ಎಲ್ಲಮ್ಮಾ?"

"ಇಲ್ಲೇ ಸಾರ್. ನೀರಿನ ಟ್ಯಾಂಕಿನ ಹಿಂದೆ."

"ಓ, ಇಲ್ಲಿಯವರಾ. ಬೇಡಮ್ಮ."

"ಹತ್ತಿರ ಇದ್ರೆ ಬೇಗ ಬರ್ತೀನಲ್ಲ ಸಾರ್?"

"ಬೇಗ ಬರ್ತೀಯ, ಬೇಗ ಹೋಗ್ತೀಯ. ಸಂಜೆ ಗಂಟೆ ಹೊಡೆದ್ರೆ ನಿಂಗೆ ಮನೆ ಕಾಣ್ಸುತ್ತೆ. ದೂರದೋರಿಗೆ ವ್ಯಾನು ಹೊರಡೋವರೆಗೂ ದಾರೀನೇ ಇಲ್ಲ. ಅಲ್ಲೀವರೆಗೂ ಇನ್ನೆರಡು ಡಬ್ಬಿ ತುಂಬ್ತಾರೆ."

ಫ್ಲಾಟಿನ ಮ್ಯಾನೇಜರಮ್ಮ ಬೇರೆ ಕಾರಣ ಕೊಟ್ಟಳು. "ಇಲ್ಲಿಯವರು ಬೇಡಪ್ಪಾ. ಇವತ್ತು ಕಸ ಗುಡಿಸ್ತೀರ, ನಾಳೆ ನಮ್ಮ ಮನೆ ವಿಷಯ ಎಲ್ಲ ಬೀದಿ ನಲ್ಲಿ ಹತ್ರ ಇರುತ್ತೆ." ಚೀಲದ ಮಹಡಿಯವನು ಮಾತ್ರ ಸುತ್ತಿ ಬಳಸಲಿಲ್ಲ. "ನೀವೆಲ್ಲ ಒಬ್ರಿಗೊಬ್ರು ಬೇಕಾದೋರು. ಒಬ್ಳಿಗೆ ಬೈದ್ರೆ ಹತ್ತು ಜನಕ್ಕೆ ನೋವಾಗುತ್ತೆ. ದೂರದಿಂದ ಬಂದೋಳಿಗೆ ಬೈದ್ರೆ ಅವಳೊಬ್ಳೇ ಅಳ್ತಾಳೆ."

ಕಡ್ಡಿ ಹೊಸಿಲಿನಲ್ಲೇ ನಿಂತಳು. "ಹಾಗಾದ್ರೆ ನಿಮ್ಮ ಮಿಷನ್ನುಗಳನ್ನೂ ದೂರದಲ್ಲೇ ಇಟ್ಕೊಳ್ಳಿ ಸಾರ್. ಅವು ಯಾಕೆ ನಮ್ಮ ತಲೆ ಮೇಲೆ ಹಗಲೂ ರಾತ್ರಿ ಬಡ್ಕೋಬೇಕು?"

ಆ ಕೆಲಸವೂ ಸಿಗಲಿಲ್ಲ.

ಕೊನೆಗೆ ಅವಳು ಸುಳ್ಳು ಹೇಳಲು ತೀರ್ಮಾನಿಸಿದಳು. ಲಾಂಡ್ರಿಯ ಏಜೆಂಟು ಟೀ ಅಂಗಡಿಯಲ್ಲಿ ಕೂತಿದ್ದಾಗ ಹೋಗಿ ಎದುರು ನಿಂತಳು. ಮನೆ ಎಲ್ಲಿ ಎಂದ. ಊರಿನ ಆ ತುದಿ ಎಂದಳು. ಅಲ್ಲಿ ಅವಳ ಚಿಕ್ಕಮ್ಮನ ಮನೆಯಿತ್ತು.

"ಅಷ್ಟು ದೂರದಿಂದ ಇಲ್ಲಿ ಕೆಲಸ ಹುಡುಕ್ಕೊಂಡು ಬಂದ್ಯಾ?"

"ಅಲ್ಲಿ ಅಲ್ಲಿಯವರಿಗೆ ಕೊಡಲ್ವಂತೆ ಅಣ್ಣಾ."

ಏಜೆಂಟು ನಕ್ಕ. ತನ್ನ ಕಸುಬಿನ ಒಳಗುಟ್ಟು ಬಲ್ಲವಳು ಸಿಕ್ಕಳೆಂಬ ನಗು ಅದು. "ಜಾಣೆ. ನಾಳೆಯಿಂದ ಬಾ. ನಿಮ್ಮ ಕಡೆ ಮೊಬೈಲ್ ಟವರ್ ಇದೆಯಲ್ಲ, ಅದರ ಕೆಳಗೆ ವ್ಯಾನು ನಿಲ್ಲುತ್ತೆ. ಹತ್ಕೋ."

ಸುಳ್ಳು ಹೇಳುವಾಗ ಕಡ್ಡಿ ವಿಳಾಸದ ಬಗ್ಗೆ ಯೋಚಿಸಿದ್ದಳೇ ಹೊರತು ವ್ಯಾನಿನ ಬಗ್ಗೆ ಯೋಚಿಸಿರಲಿಲ್ಲ. "ವ್ಯಾನು ಯಾಕಣ್ಣಾ? ನಾನೇ ಹೇಗೋ ಬಂದ್ಬಿಡ್ತೀನಿ."

"ಹೇಗೋ ಬರೋದೆಲ್ಲ ಇಲ್ಲ. ವ್ಯಾನಿಂದ ಇಳಿದೋರಿಗೆ ಮಾತ್ರ ಗೇಟು ತೆಗೆಯೋದು. ನಡ್ಕೊಂಡು ಬಂದೋರು ಇಲ್ಲಿಯವರು ಅಂತ ಅರ್ಥ."

ಮನೆಗೆ ಬಂದು ಹೇಳಿದಾಗ ಅತ್ತೆ ಕೆಮ್ಮು ಬರುವವರೆಗೂ ನಕ್ಕಳು. "ಅಲ್ಲ ಕಣೇ, ನಮ್ಮ ಹಿತ್ತಲ ಗೋಡೆ ಆಚೆಗೇ ಅವರ ಅಂಗಳ. ಅಲ್ಲಿಗೆ ಹೋಗೋಕೆ ನೀನು ಊರೆಲ್ಲ ಸುತ್ತಬೇಕಾ? ಮದುವೆ ಮೆರವಣಿಗೆ ಕೂಡ ಇಷ್ಟು ದೂರ ಹೋಗಲ್ಲ!"

ಅಕ್ಕ ನಗಲಿಲ್ಲ. ಮೋಟುಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, "ರೋಲರ್ ಹತ್ರ ಹಾಕಿದ್ರೆ ತಂತಿ ನೋಡ್ಕೋ," ಎಂದಳು. "ಕಟ್ಟಿದ್ರೆ ಮಡಿಕೆ ತೆಗೆಯೋಕೆ ಬೆರಳು ಹಾಕ್ಬೇಡ. ಬಟ್ಟೆ ಹರಿದ್ರೆ ಹರೀಲಿ."

ಹೀಗೆ ಕಡ್ಡಿಯ ಕೆಲಸ ಶುರುವಾಯಿತು. ಬೆಳಕು ಹರಿಯುವ ಮುಂಚೆ ಎದ್ದು, ನಿದ್ದೆಗಣ್ಣಿನ ಕೂಸಿಗೆ ಹಾಲು ಕೊಟ್ಟು, ಮೊದಲ ಸಿಟಿ ಬಸ್ಸು ಹಿಡಿದು ಊರಿನ ಆ ತುದಿಗೆ ಹೋಗುವುದು. ಅಲ್ಲಿ ಟವರಿನ ಕೆಳಗೆ, ಆಗ ತಾನೇ ಮನೆಯಿಂದ ಎದ್ದು ಬಂದವಳಂತೆ ಆಕಳಿಸುತ್ತ ವ್ಯಾನು ಹತ್ತುವುದು. ಬಂದ ದಾರಿಯಲ್ಲೇ ವಾಪಸು ಬಂದು, ತನ್ನ ಮನೆಯ ಮುಂದೆಯೇ ಹಾದು, ಲಾಂಡ್ರಿಯ ಗೇಟಿನಲ್ಲಿ ಇಳಿಯುವುದು. ಬೀದಿಯವರಿಗೆಲ್ಲ ವಿಷಯ ಗೊತ್ತಿತ್ತು. ವ್ಯಾನು ಹಾದುಹೋಗುವಾಗ ಕ್ಷೌರದಂಗಡಿಯವನು ಕನ್ನಡಿಯ ಕಡೆ ತಿರುಗಿಬಿಡುತ್ತಿದ್ದ. ಅತ್ತೆ ಬಾಗಿಲಲ್ಲಿ ನಿಂತು, ಯಾರೋ ಪರಊರಿನವರ ವ್ಯಾನು ಎಂಬಂತೆ ಮೂತಿ ತಿರುವುತ್ತಿದ್ದಳು. ಅವಳಿಗೆ ಆ ನಾಟಕ ತುಂಬಾ ಇಷ್ಟವಾಗಿತ್ತು.

ವ್ಯಾನಿನಲ್ಲಿ ಕಡ್ಡಿಯ ಪಕ್ಕ ಕೂರುತ್ತಿದ್ದವಳನ್ನು ಎಲ್ಲರೂ ನಿದ್ದೆಗಣ್ಣಿ ಎನ್ನುತ್ತಿದ್ದರು. ಸೀಟಿಗೆ ಬೆನ್ನು ತಾಗಿದ್ದೇ ತಡ, ಅವಳ ತಲೆ ಸಿಕ್ಕಿದವರ ಹೆಗಲ ಮೇಲೆ ಬೀಳುತ್ತಿತ್ತು. "ಇವಳಿಗೆ ಮನೇಲಿ ಹಾಸಿಗೆ ಇಲ್ವಾ?" ಎಂದು ಹಿಂದಿನವರು ರೇಗಿಸುತ್ತಿದ್ದರು. ರೋಲರಿನಲ್ಲೂ ಅವಳೇ ಕಡ್ಡಿಯ ಜೋಡಿ. ಒದ್ದೆ ಹಾಸಿಗೆ ಬಟ್ಟೆಯ ಆ ಎರಡು ತುದಿ ಅವಳು, ಈ ಎರಡು ತುದಿ ಕಡ್ಡಿ ಹಿಡಿದು, ಒಂದು ಸಲ ಝಾಡಿಸಿ, ಸುಕ್ಕಿಲ್ಲದಂತೆ ಬಿಸಿ ಉರುಳೆಯ ಬಾಯಿಗೆ ಕೊಡಬೇಕು. ಆಚೆ ಬದಿಯಲ್ಲಿ ಕನ್ನಡಕದವಳೊಬ್ಬಳು ಹಪ್ಪಳದಂತೆ ಗರಿಗರಿಯಾಗಿ ಹೊರಬಂದದ್ದನ್ನು ಮಡಿಚಿ ಅಟ್ಟಿ ಹಾಕುತ್ತಿದ್ದಳು. ಕಡ್ಡಿ ಮೊದಲ ದಿನವೇ ನೋಡಿದಳು. ಸಲಾಕೆ ಮೇಲಕ್ಕೇ ಕಟ್ಟಿತ್ತು. ತಂತಿ ಮಾತ್ರ ಹೊಸದು, ಹೊಳೆಯುತ್ತಿತ್ತು.

ದಾರಿಯಲ್ಲಿ ಒಂದು ಸೇತುವೆ. ಸೇತುವೆಯ ಬಾಯಲ್ಲಿ ಸಿಗ್ನಲ್. ಒಂದು ಬೆಳಿಗ್ಗೆ ಕೆಂಪು ದೀಪಕ್ಕೆ ವ್ಯಾನು ನಿಂತಾಗ, ಎದುರು ಬದಿಯಿಂದ ಬಂದ ಇನ್ನೊಂದು ವ್ಯಾನು ಪಕ್ಕದಲ್ಲೇ, ಕಿಟಕಿಗೆ ಕಿಟಕಿ ಸೇರಿಸಿ ನಿಂತಿತು. ಅದರ ತುಂಬ ಹೆಂಗಸರು. ಗಾಜಿನಾಚೆ ಕಡ್ಡಿಗೆ ಒಂದು ಪರಿಚಯದ ಮುಖ ಕಂಡಿತು: ಅವಳ ಬೀದಿಯ ಟೈಲರನ ಹೆಂಡತಿ! ಅವಳ ಹಿಂದೆ ನೀರಿನ ಟ್ಯಾಂಕಿನ ಪಕ್ಕದ ಮನೆಯ ಅತ್ತಿಗೆ ನಾದಿನಿಯರು. ಲಾಂಡ್ರಿಯಿಂದ ತೆಗೆದುಹಾಕಿದ್ದ ಅವರೆಲ್ಲ ಆ ತುದಿಯ ಬಿಸ್ಕತ್ತು ಕಾರ್ಖಾನೆಗೆ ಹೋಗುತ್ತಿದ್ದರು. ಬಿಸ್ಕತ್ತಿನವರಿಗೆ ಅಲ್ಲಿಯವರು ಬೇಡವಾಗಿದ್ದರು. ಟೈಲರನ ಹೆಂಡತಿ ಕಡ್ಡಿಯನ್ನು ನೋಡಿ ಬಾಯಿ ತೆರೆದಳು. ಕಡ್ಡಿ ತುಟಿಯ ಮೇಲೆ ಬೆರಳಿಟ್ಟಳು. ಅವಳು ಬಾಯಿ ಮುಚ್ಚಿಕೊಂಡಳು. ಆದರೆ ಭುಜ ಕುಲುಕುತ್ತಿತ್ತು, ನಗುವಿಗೋ ಮತ್ತೊಂದಕ್ಕೋ ತಿಳಿಯಲಿಲ್ಲ. ಹಸಿರು ದೀಪ ಬಂತು. ಇಲ್ಲಿಯವರು ಅಲ್ಲಿಗೆ ಹೋದರು, ಅಲ್ಲಿಯವರು ಇಲ್ಲಿಗೆ ಬಂದರು. ಎರಡೂ ಕಡೆ ಬೀದಿಗಳು ಬಾಗಿಲು ಹಾಕಿಕೊಂಡು ಬಿದ್ದಿದ್ದವು. ಈ ಏರ್ಪಾಡು ಕಂಡುಹಿಡಿದವನನ್ನು ಎಲ್ಲಿಂದ ಕರೆಸಿದ್ದರೋ.

ಇಸ್ತ್ರಿ ಕೋಣೆಗೆ ಒಂದೇ ಕಿಟಕಿ. ಮಡಿಚಿದ ಬಟ್ಟೆಯ ಅಟ್ಟಿಯ ಹತ್ತಿರ ಹೋಗಿ ನಿಂತರೆ ಅದರಲ್ಲಿ ಕಡ್ಡಿಯ ಮನೆಯ ತಾರಸಿ ಕಾಣುತ್ತಿತ್ತು. ಅಕ್ಕನೂ ಅವಳೂ ಒಂದು ಗುರುತು ಮಾಡಿಕೊಂಡಿದ್ದರು. ಕೂಸು ಹೇಗೋ ಸಮಾಧಾನವಾಗಿ ಮಲಗಿದರೆ, ಅಕ್ಕ ತಾರಸಿಗೆ ಬಂದು ಹಗ್ಗದ ಮೇಲೆ ಕೆಂಪು ಕಂಬಳಿ ಹಾಕಬೇಕು. ಅಕ್ಕ ಕಂಬಳಿಯ ಒಂದು ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಇನ್ನೊಂದು ಮೂಲೆಯನ್ನು ಹಗ್ಗದ ಮೇಲೆ ಎಸೆಯುವುದನ್ನು ಕಡ್ಡಿ ಇಲ್ಲಿಂದಲೇ ನೋಡುತ್ತಿದ್ದಳು. ಬಹುತೇಕ ದಿನ ಅದು ಕಾಣುವ ಹೊತ್ತಿಗೆ ಮಧ್ಯಾಹ್ನ ಕಳೆದಿರುತ್ತಿತ್ತು. ಊಟದ ಬಿಡುವಿನಲ್ಲೂ ಗೇಟಿಗೆ ಬೀಗ. ಅವಳು ಬಚ್ಚಲಿಗೆ ಹೋಗಿ, ಕಲ್ಲಿನಂತಾದ ಎದೆಯಿಂದ ಹಾಲು ಹಿಂಡಿ ಸಿಂಕಿಗೆ ಬಿಡುತ್ತಿದ್ದಳು. ಆ ಹಾಲು ಕೊಳವೆಯಲ್ಲಿ ಇಳಿದು, ಸೋಪಿನ ನೊರೆ ಸೇರಿ, ಅವಳ ಮನೆಯ ಮುಂದಿನ ಚರಂಡಿಯಲ್ಲೇ ಹರಿದು ಹೋಗುತ್ತಿತ್ತು. ಹಾಲಿಗೆ ಮನೆಯ ದಾರಿ ಇತ್ತು. ತಾಯಿಗೆ ಇರಲಿಲ್ಲ.

ಸಂಜೆ ವ್ಯಾನು ಅವರನ್ನು ಟವರಿನ ಕೆಳಗೆ ಇಳಿಸಿ ಹೋಗುತ್ತಿತ್ತು. ಕಡ್ಡಿ ಚಿಕ್ಕಮ್ಮನ ಓಣಿಯ ಕಡೆ ನಾಲ್ಕು ಹೆಜ್ಜೆ ಹಾಕಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸುತ್ತಿ ಬಂದು ಬಸ್ ಸ್ಟಾಪಿನ ಹಿಂದೆ ನಿಲ್ಲುತ್ತಿದ್ದಳು. ಒಂದು ಸಂಜೆ ಅಲ್ಲಿ ಹಣ್ಣಿನ ಗಾಡಿಯ ಮರೆಯಲ್ಲಿ ನಿದ್ದೆಗಣ್ಣಿ ನಿಂತಿದ್ದಳು. ಕಣ್ಣಲ್ಲಿ ನಿದ್ದೆಯ ಸುಳಿವೂ ಇರಲಿಲ್ಲ.

"ಏನು, ಈ ಕಡೆ?" ಎಂದಳು ಕಡ್ಡಿ.

"ಹಣ್ಣು ತಗೊಳ್ಳೋಣ ಅಂತ. ನೀವು?"

"ನಾನೂ ಹಣ್ಣಿಗೇ."

ಇಬ್ಬರೂ ಹಣ್ಣು ಕೊಳ್ಳಲಿಲ್ಲ. ಬಸ್ಸು ಬಂತು. ಇಬ್ಬರೂ ಹತ್ತಿದರು. ಕಂಡಕ್ಟರ್ ಬಂದಾಗ ಒಬ್ಬರು ಕೇಳಲಿ ಎಂದು ಇನ್ನೊಬ್ಬರು ಕಾದರು. ಕೊನೆಗೆ ಇಬ್ಬರ ಬಾಯಿಂದಲೂ ಒಟ್ಟಿಗೇ ಹೊರಬಿತ್ತು: "ನೀರಿನ ಟ್ಯಾಂಕು."

ಆಮೇಲೆ ನಿದ್ದೆಗಣ್ಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದಳು. ಅವಳ ಮನೆ ಲಾಂಡ್ರಿಯ ಹಿಂದಿನ ಎರಡನೇ ಓಣಿ! ಮನೆಯಲ್ಲಿ ಒಲೆ ಹಚ್ಚಿ ಮರೆತುಬಿಡುವ ತಾಯಿ. ಹತ್ತಿರದಲ್ಲೇ ಇರಬೇಕೆಂದು ಅವಳೂ ದೂರದ ವಿಳಾಸ ಹೇಳಿದ್ದಳು. "ಅದಕ್ಕೇ ಕಣ್ರೀ ಆ ನಿದ್ದೆ. ಕೋಳಿ ಕೂಗೋ ಮೊದಲು ಎದ್ದು, ಹಾಲಿನ ಗಾಡಿ ಹತ್ಕೊಂಡು ಈ ತುದಿಗೆ ಬರಬೇಕಲ್ಲ."

"ಮೆತ್ತಗೆ ಮಾತಾಡ್ರೇ," ಎಂದಿತು ಹಿಂದಿನ ಸೀಟಿನಿಂದ ಒಂದು ದನಿ. ಕಡ್ಡಿ ತಿರುಗಿ ನೋಡಿದಳು. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೂತಿದ್ದವಳು ಬಟ್ಟೆ ಸರಿಸಿ ಕನ್ನಡಕ ಹಾಕಿಕೊಂಡಳು. "ನಾನು ಕ್ಷೌರದಂಗಡಿ ಹಿಂದಿನ ಗಲ್ಲಿ. ದಿನಾ ಹೀಗೆ ಮುಖ ಮುಚ್ಕೊಂಡು ಉಸಿರುಗಟ್ಟಿ ಕೂರೋಕೆ ಇನ್ನು ನನ್ನ ಕೈಲಾಗಲ್ಲ."

ಕಂಡಕ್ಟರ್ ಈ ಮೂವರನ್ನು ನೋಡಿ ತಲೆ ಕೆಟ್ಟವರೆಂದುಕೊಂಡ. ಅಂದಿನಿಂದ ಹೋಗುವಾಗ ಬರುವಾಗ ಮೂವರೂ ಒಟ್ಟಿಗೇ. ವ್ಯಾನಿನೊಳಗೆ ಮಾತ್ರ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ.

ಕೂಸಿಗೆ ಹಲ್ಲು ಬರುವ ಕಾಲ. ಅಂದು ಬೆಳಗಿನಿಂದಲೇ ಮೈ ಬಿಸಿಯಿತ್ತು. ಮಧ್ಯಾಹ್ನದ ಬಿಡುವಿಗೆ ಸೈರನ್ನು ಕೂಗಿ ಮಿಷನ್ನುಗಳು ನಿಂತೊಡನೆ ಇಸ್ತ್ರಿ ಕೋಣೆಯೊಳಗೆ ಆ ಅಳು ಕೇಳಿಸಿತು. ಎಲ್ಲೋ ಹೊರಗೆ, ಹರಿತವಾಗಿ, ಉಸಿರು ಕಟ್ಟಿಕೊಂಡು ಮತ್ತೆ ಮತ್ತೆ ಏಳುವ ಅಳು. ಹೆಂಗಸರೆಲ್ಲ ಒಂದು ಕ್ಷಣ ತಲೆಯೆತ್ತಿದರು. ಕಡ್ಡಿ ಕಿಟಕಿಗೆ ಓಡಿದಳು. ಹಗ್ಗದ ಮೇಲೆ ಕೆಂಪು ಕಂಬಳಿ ಇರಲಿಲ್ಲ. ಅಕ್ಕನೇ ನಿಂತಿದ್ದಳು. ಕೂಸನ್ನು ಎಡಗೈಯಲ್ಲಿ ಅವುಚಿಕೊಂಡು, ಜಾರದಂತೆ ಮೋಟುಗೈ ಅಡ್ಡ ಕೊಟ್ಟು, ಕಿಟಕಿಯ ಕಡೆಗೇ ಮುಖ ಮಾಡಿ ನಿಂತಿದ್ದಳು. ಬಾ ಎಂದು ಸನ್ನೆ ಮಾಡಲು ಅವಳಿಗೆ ಇನ್ನೊಂದು ಕೈ ಇರಲಿಲ್ಲ.

ಕಡ್ಡಿಯ ಏಪ್ರನ್ನಿನ ಎದೆ ಎರಡೂ ಕಡೆ ಒದ್ದೆಯಾಯಿತು. ಅವಳು ಗೇಟಿಗೆ ಹೋದಳು.

"ಬೀಗ ಹಾಕಿದೆಯಮ್ಮಾ," ಎಂದ ವಾಚ್‌ಮ್ಯಾನ್.

"ತೆಗಿ. ಕೂಸು ಅಳ್ತಿದೆ."

"ಯಾರ ಕೂಸು?"

ಒಂದು ಸುಳ್ಳು ಸಾಕಾಗಿತ್ತು. ಅಷ್ಟು ದಿನ ಅದನ್ನೇ ಉಸಿರಾಡಿದ್ದಳು. ಆದರೆ ಗೋಡೆಯಾಚೆಯಿಂದ ಅಳು ಮತ್ತೆ ಎದ್ದಿತು.

"ನಂದು," ಎಂದಳು ಕಡ್ಡಿ.

ವಾಚ್‌ಮ್ಯಾನ್ ಬೀಗ ತೆಗೆಯಲಿಲ್ಲ. ಆದರೆ ಹಿಂದಿನ ಅಂಗಳದ ಕಡೆ ಬೆನ್ನು ತಿರುಗಿಸಿ ನಿಂತ. ಅಲ್ಲಿ ಗೋಡೆಗೆ ಒತ್ತಿ ಖಾಲಿ ಸೋಪಿನ ಡ್ರಮ್ಮುಗಳಿದ್ದವು. ಅವಳು ಹತ್ತಿದಳು. ಗೋಡೆಯ ಮೇಲಿನ ಗಾಜಿನ ಚೂರಿಗೆ ಅಂಗೈ ಕೊಯ್ದುಕೊಂಡಿತು. ಆಚೆ ಅವಳದೇ ಹಿತ್ತಲು. ಧೊಪ್ಪೆಂದು ಬಿದ್ದಳು. ಅತ್ತೆ ಗಾಬರಿಯಿಂದ ಬಂದವಳು ಸೊಸೆಯನ್ನು ಕಂಡು, "ಅಯ್ಯೋ, ಇದಕ್ಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?" ಎಂದಳು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹಾಲು ಕೊಟ್ಟಳು. ಕೂಸು ಮೊದಲು ಬಿಕ್ಕುತ್ತ, ಆಮೇಲೆ ಗುಟುಕು ಗುಟುಕಾಗಿ, ಆಮೇಲೆ ಕಣ್ಣು ಮುಚ್ಚಿ ಕುಡಿಯಿತು. ಅಕ್ಕ ಕಡ್ಡಿಯ ಅಂಗೈ ನೋಡಿ, ಎಡಗೈಯಲ್ಲಿ ಬಟ್ಟೆ ಸುತ್ತಿ, ಹಲ್ಲಿನಲ್ಲಿ ಗಂಟು ಎಳೆದಳು. ಸೈರನ್ನಿಗೆ ಮುಂಚೆ ಕಡ್ಡಿ ಅದೇ ಗೋಡೆ ಹತ್ತಿದಳು.

ಡ್ರಮ್ಮುಗಳ ಪಕ್ಕ ಸೂಪರ್‌ವೈಸರಮ್ಮ ನಿಂತಿದ್ದಳು. ಜೊತೆಗೆ ಏಜೆಂಟು.

"ಟವರ್ ಕೆಳಗಿನೋಳು ಗೋಡೆ ಮೇಲಿಂದ ಬರ್ತಿದ್ದಾಳೆ ನೋಡಿ ಮೇಡಂ," ಎಂದ ಏಜೆಂಟು ಹಲ್ಲು ಕಡಿದು. "ನನ್ನ ಕಣ್ಣಿಗೇ ಮಣ್ಣೆರಚಿದ್ಯಲ್ಲೇ!"

ಸೂಪರ್‌ವೈಸರಮ್ಮ ದನಿ ಏರಿಸಲಿಲ್ಲ. ಅವಳನ್ನು ತನ್ನ ಕೋಣೆಗೆ ಕರೆದೊಯ್ದು, ಕುರ್ಚಿ ತೋರಿಸಿ, ಕೂರಲು ಹೇಳಿದಳು. ಕಡ್ಡಿ ಕೂರಲಿಲ್ಲ.

"ಆ ಗೋಡೆ ಆಚೆ ಇರೋದು ಹೋದ ಸಲ ಕೈ ಹೋದೋಳ ಮನೆ. ಅವಳಿಗೆ ನೀನು ಏನಾಗ್ಬೇಕು?"

"ನನ್ನ ಅಕ್ಕ ಅವಳು. ನಾನು ನಿಂತಿರೋ ಜಾಗದಲ್ಲೇ ಹೋಗಿದ್ದು."

"ನೋಡು, ನಾನೂ ಹೆತ್ತೋಳು," ಎಂದಳು ಸೂಪರ್‌ವೈಸರಮ್ಮ, ಅಂಗೈಯ ರಕ್ತದ ಕಡೆ ನೋಡುತ್ತ. "ಇದು ಮೇಲಿನೋರಿಗೆ ಹೋದ್ರೆ ಇವತ್ತೇ ನಿನ್ನ ಕೆಲಸ ಹೋಗುತ್ತೆ. ಹೋಗೋದು ಬೇಡ. ಈ ಹಿಂದಿನ ಬಾಗಿಲು ಇದೆಯಲ್ಲ, ದಿನಾ ಮಧ್ಯಾಹ್ನ ನಾನೇ ನಿಂಗೆ ತೆಗೆಸಿಕೊಡ್ತೀನಿ. ಹೋಗಿ ಹಾಲು ಕೊಟ್ಟು ಬಾ. ವ್ಯಾನಲ್ಲಿ ಬಂದಂಗೆ ಬಾ, ಹೋದಂಗೆ ಹೋಗು, ಬಾಯಿ ಬಿಡ್ಬೇಡ. ಅದಕ್ಕೆ ಬದಲು ಒಂದೇ ಮಾತು. ನಿನ್ನ ಹಾಗೆ ಸುಳ್ಳು ಹೇಳಿ ಸೇರ್ಕೊಂಡಿರೋ ಇಲ್ಲಿಯವರು ಇನ್ನೂ ಇದ್ದಾರೆ. ಯಾರು ಅಂತ ತೋರಿಸು."

ಅವಳ ಕುರ್ಚಿಯ ಹಿಂದೆಯೇ ಆ ಬಾಗಿಲು. ತುಕ್ಕು ಹಿಡಿದ, ಕುಳ್ಳ ಕಬ್ಬಿಣದ ಬಾಗಿಲು. ಕೆಳಗಿನ ಸಂದಿಯಿಂದ ಬೀದಿಯ ಬಿಸಿಲು ಒಳಗೆ ಬಿದ್ದಿತ್ತು. ಅದು ತೆರೆದರೆ ನಾಲ್ಕೇ ಹೆಜ್ಜೆಗೆ ಕಡ್ಡಿಯ ಮನೆಯ ಮೆಟ್ಟಿಲು. ಎಷ್ಟು ಗೇಟು ತಟ್ಟಿದರೂ ಸಿಗದಿದ್ದದ್ದು ಅಲ್ಲಿ, ಕೈಚಾಚಿದರೆ ಸಿಗುವ ಹಾಗಿತ್ತು. ಕಡ್ಡಿ ಆ ಬಿಸಿಲಿನ ಗೆರೆಯನ್ನು ಬಹಳ ಹೊತ್ತು ನೋಡಿದಳು. ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆತ್ತ ಯಾವಳೇ ಆದರೂ ನೋಡುತ್ತಾಳೆ.

"ಇಲ್ಲಿಯವರು ಅಂದ್ರೆ ಯಾರು ಮೇಡಂ?" ಎಂದಳು ಕೊನೆಗೆ. "ವ್ಯಾನಿಂದ ಇಳಿದೋರೆಲ್ಲ ದೂರದೋರು ಅಂತ ನೀವೇ ಹೇಳಿದ್ದಲ್ವಾ?"

ಏಜೆಂಟು ಮುಂದಕ್ಕೆ ಬಂದ. ಸೂಪರ್‌ವೈಸರಮ್ಮ ಕೈ ಅಡ್ಡ ಮಾಡಿದಳು. ಅಂಗಳದಲ್ಲಿ ಆಸ್ಪತ್ರೆಯ ಬಟ್ಟೆ ಗುಡ್ಡದಂತೆ ಬಿದ್ದಿತ್ತು. ರೋಲರಿಗೆ ಒಂದು ಜೋಡಿ ಕೈ ಕಡಿಮೆಯಾದರೆ ಅವಳಿಗೇ ಕಷ್ಟ. "ಸಂಜೆವರೆಗೂ ಯೋಚನೆ ಮಾಡು. ಕೂಸಿನ ಮುಖ ನೆನೆಸ್ಕೊಂಡು ಯೋಚನೆ ಮಾಡು. ಈಗ ಹೋಗು, ಮಿಷನ್ನು ಕಾಯ್ತಿದೆ."

ರೋಲರಿನ ಮುಂದೆ ನಿದ್ದೆಗಣ್ಣಿ ಬಿಳಿಚಿಕೊಂಡು ನಿಂತಿದ್ದಳು. ಬಟ್ಟೆಯ ತುದಿಯನ್ನು ಸಡಿಲವಾಗಿ ಹಿಡಿದಳು. "ಹೇಳಿಬಿಟ್ರಾ?" ಎಂದಳು ತುಟಿ ಅಲ್ಲಾಡಿಸದೆ.

"ಬಟ್ಟೆ ಎಳೆದು ಹಿಡಿ. ಸುಕ್ಕಾಗುತ್ತೆ."

"ಅಮ್ಮ ಒಬ್ಳೇ ಇದ್ದಾಳೆ ಕಣ್ರೀ ಮನೇಲಿ..."

"ಗೊತ್ತು. ಎಳೆದು ಹಿಡಿ ಅಂದೆ."

ಆಚೆ ಬದಿಯಲ್ಲಿ ಕನ್ನಡಕದವಳು ಏನೂ ಕೇಳಿಸದವಳಂತೆ ಮಡಿಚುತ್ತಿದ್ದಳು. ಅವಳ ಅಟ್ಟಿ ಅಂದು ಮೊದಲ ಸಲ ಓರೆಯಾಗಿತ್ತು.

ಸಂಜೆಯ ಸೈರನ್ನು ಕೂಗಿತು. ವ್ಯಾನು ಹಿಂದೆ ಸರಿಯುತ್ತ ಬಂದು ಅಂಗಳದಲ್ಲಿ ನಿಂತಿತು. ಹೆಂಗಸರು ಏಪ್ರನ್ನು ಕಳಚಿ ಸಾಲಾಗಿ ಬಂದರು. ವ್ಯಾನಿನ ಬಾಗಿಲ ಒಂದು ಬದಿ ಏಜೆಂಟು, ಇನ್ನೊಂದು ಬದಿ ಸೂಪರ್‌ವೈಸರಮ್ಮ.

"ಏನು ಯೋಚನೆ ಮಾಡಿದೆ?" ಎಂದಳು ಸೂಪರ್‌ವೈಸರಮ್ಮ.

"ಹೇಳಲ್ಲ ಮೇಡಂ."

"ಯಾರೂ ಇಲ್ಲ ಅಂತಾನಾ?"

"ಇದ್ದಾರೋ ಇಲ್ವೋ, ಹೇಳಲ್ಲ. ಒಂದು ಕೂಸಿಗೆ ಹಾಲು ಕೊಡೋಕೆ ಇನ್ನೊಂದು ಮನೆ ಒಲೆ ಆರಿಸ್ಬೇಕಾ? ಆ ಹಾಲು ನನ್ನ ಮಗಳಿಗೆ ದಕ್ಕಲ್ಲ."

ಸೂಪರ್‌ವೈಸರಮ್ಮ ಕಣ್ಣು ಬೇರೆ ಕಡೆ ತಿರುಗಿಸಿ ಏಜೆಂಟಿಗೆ ತಲೆಯಾಡಿಸಿದಳು.

"ಸರಿ ಹಾಗಾದ್ರೆ. ವ್ಯಾನು ಹತ್ತು," ಎಂದ ಏಜೆಂಟು. "ಎಲ್ಲಿಂದ ಕರ್ಕೊಂಡು ಬಂದ್ನೋ ಅಲ್ಲೇ ಇಳಿಸ್ತೀನಿ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

"ನನ್ನ ಮನೆ ಇದೇ ಬೀದೀಲಿದೆ. ಟವರ್ ಕೆಳಗೆ ಯಾಕೆ ಹೋಗ್ಲಿ?"

"ನಿನ್ನ ಮನೆ ಎಲ್ಲಾದ್ರೂ ಇರ್ಲಿ. ವ್ಯಾನಲ್ಲಿ ಬಂದೋರು ವ್ಯಾನಲ್ಲೇ ಹೋಗ್ಬೇಕು. ಈ ಗೇಟಿಂದ ಯಾರೂ ನಡ್ಕೊಂಡು ಹೋಗೋಹಾಗಿಲ್ಲ."

ಡ್ರೈವರ್ ಇಂಜಿನ್ನು ಶುರು ಮಾಡಿದ. ಸಾಲಿನ ಮುಂದಿದ್ದ ನಿದ್ದೆಗಣ್ಣಿ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟವಳು ಹಾಗೇ ನಿಂತುಬಿಟ್ಟಿದ್ದಳು. "ನೀನೇನು ನೋಡ್ತಿದ್ದೀಯ? ಒಳಗೆ ನಡಿ," ಎಂದು ಏಜೆಂಟು ಗದರಿದ. ಅವಳು ಒಳಗೂ ಹೋಗಲಿಲ್ಲ, ಕಾಲು ಕೆಳಗೂ ಇಡಲಿಲ್ಲ. ಅವಳನ್ನು ದಾಟಿ ಯಾರೂ ವ್ಯಾನು ಹತ್ತುವಂತಿರಲಿಲ್ಲ. ಅವಳ ಹಿಂದೆ ಕನ್ನಡಕದವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಇಡೀ ಸಾಲು ಅಂಗಳದಲ್ಲೇ ಉಳಿಯಿತು.

ಕಡ್ಡಿ ಏಪ್ರನ್ನನ್ನು ಬಿಚ್ಚಿರಲಿಲ್ಲ. ಹಾಲಿನ ಕಲೆ ಒಣಗಿ, ಗಂಜಿ ಹಾಕಿದ ಬಟ್ಟೆಯಂತೆ ಬಿರುಸಾಗಿತ್ತು. ಅವಳು ವ್ಯಾನಿಗೆ ಬೆನ್ನು ಮಾಡಿ ಗೇಟಿನ ಮುಂದೆ ಹೋಗಿ ನಿಂತಳು.

"ನಾಳೆ ಬೆಳಿಗ್ಗೆ ಕೆಲಸಕ್ಕೆ ಬರ್ತೀನಿ," ಎಂದಳು. "ನಡ್ಕೊಂಡು ಬರ್ತೀನಿ. ಮಧ್ಯಾಹ್ನ ನಡ್ಕೊಂಡು ಹೋಗಿ ಹಾಲು ಕೊಟ್ಟು, ನಡ್ಕೊಂಡು ವಾಪಸ್ ಬರ್ತೀನಿ. ರೋಲರಿನ ತಂತಿ ಬಿಚ್ಚಿದ ಮೇಲೇ ಬಟ್ಟೆ ಮುಟ್ಟೋದು. ಗೇಟು ತೆಗೀಲಿಲ್ಲ ಅಂದ್ರೆ ಇಲ್ಲೇ ನಿಂತು ಕೂಗ್ತೀನಿ. ನಾನು ಕೂಗಿದ್ರೆ ಎಲ್ಲೀವರೆಗೂ ಕೇಳಿಸುತ್ತೆ ಅಂತ ನಿಮಗೆ ಗೊತ್ತಲ್ಲ."

ಗೇಟಿನಾಚೆ ಕ್ಷೌರದಂಗಡಿಯ ರೇಡಿಯೋ ಯಾಕೋ ನಿಂತಿತು.

"ಬಾಯಿ ಮುಚ್ಚು!" ಎಂದ ಏಜೆಂಟು. ಅವನ ದನಿ ಮೊದಲಿನಷ್ಟು ದಪ್ಪವಿರಲಿಲ್ಲ. "ಮೊದ್ಲು ವ್ಯಾನು ಹತ್ತು."

"ಹತ್ತಲ್ಲ," ಎಂದಳು ಕಡ್ಡಿ.